ಬಿವಾ ಸರೋವರದಲ್ಲಿ ಒಂದು ಸುಳ್ಳು ಮೀನು

ಮೀನು ಹಿಡಿಯುವುದು ಗಂಡಸರ ಕೆಲಸ, ಅದನ್ನು ಕೊಯ್ದು ಸಾರು ಮಾಡುವುದಷ್ಟೇ ನಮ್ಮದು ಎಂದು ನೀವೂ ನನ್ನಂತೆಯೇ ಅಂದುಕೊಂಡಿರಬಹುದು. ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಬಂಗುಡೆಯ ಕಿವಿರು ಎತ್ತಿ ನೋಡಿ ಅದು ಇವತ್ತಿನದೋ ನಿನ್ನೆಯದೋ ಹೇಳಬಲ್ಲೆ. ಆದರೆ ಗಾಳ ಮುಟ್ಟಿದವಳಲ್ಲ. ಮೊದಲ ಸಲ ಮುಟ್ಟಿದ್ದು ಊರಿನಲ್ಲಲ್ಲ, ಜಪಾನಿನಲ್ಲಿ.

ನನ್ನ ತಮ್ಮ ಕ್ಯೋಟೋದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಹನ್ನೆರಡು ವರ್ಷದ ಮಗ ಹುಟ್ಟಿದ್ದೇ ಅಲ್ಲಿ. ಏಪ್ರಿಲ್ ತಿಂಗಳಲ್ಲಿ ನಾನು ಹೋಗಿದ್ದಾಗ ಹುಡುಗ ಮಾತೇ ಆಡುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೆ. ಒಂದು ಸಂಜೆ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದೆ ತೆರೆದ. ಒಳಗೆ ಸಾಲಾಗಿ ಪ್ಲಾಸ್ಟಿಕ್ ಮೀನುಗಳು! ಬೆಳ್ಳಿ, ಬಂಗಾರ, ಗಿಳಿಹಸಿರು, ಕೆಂಪು ತಲೆಯ ಬಿಳಿ. ನನಗೆ ಬಳೆ ಅಂಗಡಿ ನೆನಪಾಯಿತು. “ಫುಪ್ಪೂ, ನಾಳೆ ಯಾವುದು ಹಾಕಲಿ, ನೀವೇ ಹೇಳಿ” ಎಂದ. ಅವನು ಆಡಿದ ಮೊದಲ ಉದ್ದನೆಯ ಮಾತು ಅದು.

ಇವಕ್ಕೆ ಜರ್ಕ್‌ಬೈಟ್ ಎನ್ನುತ್ತಾರೆ. ತೆಳ್ಳಗೆ, ಉದ್ದಕ್ಕೆ ಇರುವ ಸುಳ್ಳು ಮೀನು. ಗದ್ದದ ಕೆಳಗೆ ಒಂದು ಪಾರದರ್ಶಕ ತಗಡು, ಹೊಟ್ಟೆಯಡಿ ಮುಮ್ಮೊನೆಯ ಕೊಕ್ಕೆಗಳು. ಕೋಲನ್ನು ಪಟಪಟನೆ ಎಳೆದರೆ ಅದು ಗಾಯಗೊಂಡ ಮರಿಮೀನಿನಂತೆ ಆಚೀಚೆ ಹೊರಳುತ್ತದೆ. ಎಳೆಯುವುದು ನಿಲ್ಲಿಸಿದರೆ, ಬಹಳಷ್ಟು ಮಾದರಿಗಳು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ, ನಡುನೀರಿನಲ್ಲೇ ನಿಲ್ಲುತ್ತವೆ. ಬೇಟೆ ಮೀನು ಹೆಚ್ಚಾಗಿ ಬಾಯಿ ಹಾಕುವುದು ಈ ನಿಂತ ಗಳಿಗೆಯಲ್ಲೇ. ನೀರು ತಣ್ಣಗಿದ್ದಷ್ಟೂ ಹೆಚ್ಚು ಹೊತ್ತು ನಿಲ್ಲಿಸಬೇಕು. ಫಿನ್ಲೆಂಡಿನ ಲೌರಿ ರಪಾಲಾ ಎಂಬ ಮೀನುಗಾರ ಇಂಥದೇ ಒಂದನ್ನು 1936ರಲ್ಲಿ ಬಿರಡೆಯ ತೊಗಟೆಯಿಂದ ಕೆತ್ತಿದ್ದ. ಈಗ ಜಪಾನೀಯರು ಅದನ್ನೊಂದು ಕಲೆಯನ್ನಾಗಿಯೇ ಮಾಡಿದ್ದಾರೆ.

ಬಣ್ಣ ಆರಿಸುವುದಕ್ಕೆ ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಬಟ್ಟೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಚೂಡಿದಾರ್ ಪೀಸ್ ನೋಡಿ ಮೋಸ ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡುತ್ತೇವಲ್ಲ, ಹಾಗೆ. “ನೀರಿನಲ್ಲಿ ಅದ್ದಿ ನೋಡಿ ಹೇಳುತ್ತೇನೆ, ಇಲ್ಲಿ ಬೇಡ” ಎಂದೆ. ಹುಡುಗ ನಕ್ಕ. ಅದೇ ಸರಿಯಾದ ಉತ್ತರವಂತೆ!

ಕ್ಯೋಟೋದಿಂದ ರೈಲು ಹತ್ತಿದರೆ ಹತ್ತೇ ನಿಮಿಷಕ್ಕೆ ಓತ್ಸು, ಇನ್ನೊಂದಿಷ್ಟು ಮುಂದೆ ಕುಸಾತ್ಸು. ಅಲ್ಲಿಂದ ಬಸ್ಸಿನಲ್ಲಿ ಕರಸುಮಾ ಎಂಬ ನೆಲದ ಚಾಚಿಗೆ ಹೋದೆವು. ಎದುರಿಗೆ ಬಿವಾ. ಜಪಾನಿನ ಅತಿ ದೊಡ್ಡ ಸರೋವರ, ಸುಮಾರು 670 ಚದರ ಕಿಲೋಮೀಟರ್. ವಯಸ್ಸು 40 ಲಕ್ಷ ವರ್ಷ ದಾಟಿದೆ. ಉತ್ತರ ಭಾಗ ಸಮುದ್ರದಂತೆ ಆಳ. ನಾವು ನಿಂತಿದ್ದ ದಕ್ಷಿಣ ಭಾಗದ ಸರಾಸರಿ ಆಳ ನಾಲ್ಕೇ ಮೀಟರ್, ತುಂಬ ಜೊಂಡು. ಗದ್ದದ ತಗಡು ಉದ್ದವಿದ್ದರೆ ಮೀನು ಆಳಕ್ಕೆ ಇಳಿದು ಜೊಂಡಿಗೆ ಸಿಕ್ಕಿಬೀಳುತ್ತದೆ, ಹಾಗಾಗಿ ಗಿಡ್ಡ ತಗಡಿನದನ್ನೇ ತೆಗೆದೆವು.

ಬೆಳಿಗ್ಗೆ ಬಿಸಿಲಿತ್ತು, ನೀರು ತಿಳಿಯಾಗಿತ್ತು. ಒಂದೊಂದನ್ನೇ ಅದ್ದಿ ನೋಡಿದೆ. ಗಿಳಿಹಸಿರಿನದು ಮದುವೆಮನೆ ಲೈಟಿನಂತೆ ಎದ್ದು ಕಂಡಿತು. ಅರೆಪಾರದರ್ಶಕ ಬೂದು-ಬೆಳ್ಳಿಯದು ಇದೆಯೋ ಇಲ್ಲವೋ ಎಂಬಂತೆ ಮಿನುಗಿತು. ತಿಳಿನೀರಿಗೆ ಅದೇ ಬೇಕು, ಏಕೆಂದರೆ ನಿಜವಾದ ಮರಿಮೀನು ಹಾಗೆಯೇ ಕಾಣುವುದು. ಮೋಡ ಕವಿದರೆ ಮುತ್ತಿನ ಬಿಳುಪು, ಮಳೆಯಿಂದ ನೀರು ಕದಡಿದರೆ ಬಂಗಾರ ಅಥವಾ ಆ ಮದುವೆಮನೆ ಹಸಿರು. ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ: ಬಾಸ್ ಮೀನಿನ ಕಣ್ಣಿಗೆ ಕೆಂಪು, ಹಸಿರು ಚೆನ್ನಾಗಿ ತಿಳಿಯುತ್ತವೆ. ನೀಲಿಗೂ ಕಪ್ಪಿಗೂ, ಗಿಳಿಹಸಿರಿಗೂ ಬಿಳಿಗೂ ಅದು ವ್ಯತ್ಯಾಸ ಕಾಣದು. ಅಂಗಡಿಯಲ್ಲಿ ಅರವತ್ತು ಬಣ್ಣ ಇಟ್ಟಿರುವುದು ಮೀನಿಗಿಂತ ಹೆಚ್ಚಾಗಿ ನಮ್ಮ ಕಿಸೆಯನ್ನು ಹಿಡಿಯುವುದಕ್ಕೆ ಎಂದು ನನಗನಿಸಿತು.

ಬಣ್ಣಕ್ಕಿಂತ ಅಳತೆ ಮುಖ್ಯ ಎನ್ನುತ್ತಾನೆ ತಮ್ಮ. ಆ ಕಾಲದಲ್ಲಿ, ಆ ನೀರಿನಲ್ಲಿ ಬಾಸ್ ಏನು ತಿನ್ನುತ್ತಿದೆಯೋ ಅದೇ ಉದ್ದದ್ದು ಇರಬೇಕು. ಬಿವಾದ ಆಯು ಎಂಬ ಮೀನು ಸರೋವರದಲ್ಲೇ ಉಳಿದರೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದು ಅಪರೂಪ. ಮೊರೊಕೋ ಎಂಬ ಇನ್ನೊಂದು ಸಣ್ಣ ಮೀನು ವಸಂತದಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ನಮ್ಮ ಬೂತಾಯಿಗಿಂತ ಚಿಕ್ಕವು. ಆದ್ದರಿಂದ ಹನ್ನೊಂದು ಸೆಂಟಿಮೀಟರಿನದನ್ನು ಕಟ್ಟಿದೆವು. ಮೀನು ಹಿಂದೆ ಬಂದು, ಮೂಸಿ ತಿರುಗಿ ಹೋಗುತ್ತಿದ್ದರೆ ಏಳೆಂಟು ಸೆಂಟಿಮೀಟರಿಗೆ ಇಳಿಯಬೇಕಂತೆ.

ಎರಡು ಗಂಟೆ ಏನೂ ಇಲ್ಲ. ನನ್ನ ಕೈ ನೋಯತೊಡಗಿತು. ಆಮೇಲೆ ಹುಡುಗ ಎಳೆದು ನಿಲ್ಲಿಸಿದ್ದೇ ತಡ, ದಾರ ಬಿಗಿಯಿತು! ಅಂಗೈಯುದ್ದ ಬಾಯಿ ತೆರೆದು ಹಸಿರು ಮೀನೊಂದು ನೀರಿನಿಂದ ಮೇಲಕ್ಕೆ ನೆಗೆಯಿತು. ದಡಕ್ಕೆ ತಂದಾಗ ಮೂವತ್ತೈದು ಸೆಂಟಿಮೀಟರ್ ಇತ್ತು. ಹುಡುಗ ಕೊಕ್ಕೆ ಬಿಡಿಸಿ ಅದರ ತಲೆ ಸವರಿದ. “ಬಿಟ್ಟುಬಿಡೋಣ ಬಾಬಾ” ಎಂದ.

ಬಿಡುವಂತಿಲ್ಲ. ದಡದಲ್ಲೇ ಒಂದು ಪೆಟ್ಟಿಗೆ ಇಟ್ಟಿದ್ದಾರೆ, ಹಿಡಿದ ಬಾಸನ್ನು ಅದರೊಳಗೆ ಹಾಕಬೇಕು. ಶಿಗಾ ಪ್ರಾಂತದಲ್ಲಿ 2003ರಿಂದ ಅದು ನಿಯಮ. ಈ ಮೀನು ಜಪಾನಿನದಲ್ಲ. 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟರು. 1974ರಲ್ಲಿ ಬಿವಾದಲ್ಲಿ ಕಾಣಿಸಿತು. ಅದರ ಜೊತೆಗಾರ ಬ್ಲೂಗಿಲ್ ಮೀನಿನ ಕಥೆ ಇನ್ನೂ ವಿಚಿತ್ರ. 1960ರಲ್ಲಿ ಯುವರಾಜ ಅಕಿಹಿತೋಗೆ ಷಿಕಾಗೋದ ಮೇಯರ್ ಕೊಟ್ಟ ಉಡುಗೊರೆ ಅದು. ಜನರ ಊಟಕ್ಕಾದೀತು ಎಂದು ಅವರು ಅದನ್ನು ಸಾಕಲು ಕೊಟ್ಟರು. ಚಕ್ರವರ್ತಿಯಾದ ಮೇಲೆ 2007ರಲ್ಲಿ ಓತ್ಸುವಿನ ಸಭೆಯೊಂದರಲ್ಲಿ, ಹೀಗಾದದ್ದಕ್ಕೆ ತನಗೆ ನೋವಿದೆ ಎಂದು ಅವರೇ ಹೇಳಿಕೊಂಡರು. ಇವು ಹೆಚ್ಚಿದಂತೆ ಊರಿನ ಮೀನುಗಳು ಕಡಿಮೆಯಾದವು. ಅಕ್ಕಿಯಲ್ಲಿ ಹುದುಗಿಸಿ ತಿನ್ನುವ ಅಲ್ಲಿಯ ಹಳೆಯ ಫುನಾಜುಶಿಗೆ ಬೇಕಾದ ಮೀನೂ ಅವುಗಳಲ್ಲೊಂದು. 2009ರಲ್ಲಿ ವಿಶ್ವದಾಖಲೆಗೆ ಸರಿಸಮನಾದ ಹತ್ತು ಕಿಲೋ ಮೀರಿದ ಬಾಸ್ ಸಿಕ್ಕಿದ್ದೂ ಬಿವಾದಲ್ಲೇ. ಅದಕ್ಕೆ ಹಾಕಿದ ಜೀವಂತ ಎರೆ ಇದೇ ಬ್ಲೂಗಿಲ್!

ತಮ್ಮ ಇದನ್ನೆಲ್ಲ ಮಗನಿಗೆ ಜಪಾನಿ ಭಾಷೆಯಲ್ಲಿ ವಿವರಿಸಿದ. ಹುಡುಗ ಕೇಳಿದ್ದನ್ನು ನನಗಾಗಿ ಮತ್ತೆ ನಮ್ಮ ಮಾತಿನಲ್ಲೇ ಕೇಳಿದ. “ಫುಪ್ಪೂ, ಈ ಮೀನು ಹುಟ್ಟಿದ್ದು ಇಲ್ಲೇ ಅಲ್ವಾ? ಆದ್ರೂ ಹೊರಗಿನದ್ದಾ?”

ಸೋದರಿಯರೇ, ನಾನೂ ತಮ್ಮನೂ ಪರಸ್ಪರ ಮುಖ ನೋಡಿಕೊಂಡೆವು. ಶಾಲೆಯಲ್ಲಿ ಅವನನ್ನು ಏನೆಂದು ಕರೆಯುತ್ತಾರೆಂದು ಆವರೆಗೆ ನಾವ್ಯಾರೂ ಕೇಳಿರಲಿಲ್ಲ. “ಮೀನಿನ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ ಮಗಾ” ಎಂದೆ. ಅದು ಸಾಕಾಗಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ತಮ್ಮ ಕೋಲು ಕೆಳಗಿಟ್ಟು ಮಗನ ಪಕ್ಕ ಕುಳಿತ. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಭಾಷೆ ಬಾರದ ನಾನು ನೀರು ನೋಡುತ್ತಾ ಕುಳಿತೆ.

ಮೀನನ್ನು ಪೆಟ್ಟಿಗೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ತಿನ್ನದೆ ಬರಿ ಆಟಕ್ಕೆ ಜೀವ ತೆಗೆಯುವುದು ನನಗೆ ಒಗ್ಗದು. ಬಾಸನ್ನು ಜೀವಂತ ಸಾಗಿಸುವುದು ಅಪರಾಧವಾದ್ದರಿಂದ ಅಲ್ಲೇ ಕೊಂದು ಮಂಜುಗಡ್ಡೆಯಲ್ಲಿಟ್ಟು ಮನೆಗೆ ತಂದೆವು. ವಾಸನೆಯೆಲ್ಲ ಚರ್ಮದಲ್ಲಿ ಇರುವುದರಿಂದ ಚರ್ಮ ಸುಲಿಯಬೇಕು. ಒಳಗಿನ ಮಾಂಸ ಬೆಳ್ಳಗೆ, ಕಾಣೆಯಷ್ಟೇ ಹಗುರ. ಊರಿನಿಂದ ಒಯ್ದಿದ್ದ ಮೆಣಸಿನ ಪುಡಿಗೆ ಹುಣಸೆ ಹುಳಿ, ಬೆಳ್ಳುಳ್ಳಿ ಬೆರೆಸಿ ಮಸಾಲೆ ಅರೆದೆ.

ಹೊಟ್ಟೆ ಸೀಳಿದಾಗ ಒಳಗೊಂದು ಬೆಳ್ಳಿ ಮೀನು ಸಿಕ್ಕಿತು. ಅರ್ಧ ಕರಗಿತ್ತು. “ಮೊರೊಕೋ ಇರಬೇಕು” ಎಂದ ತಮ್ಮ. ಹುಡುಗ ಓಡಿ ಹೋಗಿ ಪೆಟ್ಟಿಗೆಯಿಂದ ಬೆಳಗಿನ ಜರ್ಕ್‌ಬೈಟ್ ತಂದು ಅದರ ಪಕ್ಕ ಇಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. ಬಹಳ ಹೊತ್ತು ನೋಡಿ, “ಬಣ್ಣವೂ ಸರಿಯಾಗಿತ್ತು ಫುಪ್ಪೂ” ಎಂದ. ಆಮೇಲೆ ತಟ್ಟೆ ಹಿಡಿದು ಬಾಣಲೆಯ ಬಳಿ ಬಂದು ನಿಂತ.