ಬಿಲ್ಲು ಹೋಯಿತು, ಮೋಟಾರು ಬಂತು

ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿ.ಮೀ. ಸಾಗಿದರೆ ಚನ್ನಪಟ್ಟಣ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಅವಸರದ ಕಾರುಗಳಿಗೆ ಬೊಂಬೆಗಳ ಊರು ಕಣ್ಣಿಗೆ ಬೀಳುವುದೇ ಇಲ್ಲ. ಹಳೆಯ ರಸ್ತೆಗಿಳಿದು ಗಲ್ಲಿಗಳತ್ತ ತಿರುಗಿದವರಿಗೆ ಮಾತ್ರ ಲೇತುಗಳ ಗುಂಯ್ ಎಂಬ ಸದ್ದು ಕೇಳಿಸುತ್ತದೆ.

ಹಿಂದೆ ಈ ಸದ್ದಿರಲಿಲ್ಲ. ಆಗ ಇದ್ದದ್ದು ಬಿಲ್ಲಿನ ತಿರುಗಣೆ. ಆಲೆ ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಹುರಿ ಸುತ್ತಿದ ಬಿಲ್ಲನ್ನು ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯಬೇಕು. ಉಳಿ ಇನ್ನೊಂದು ಕೈಯಲ್ಲಿ. ಬಿಲ್ಲು ಹಿಂದೆ ಬಂದಾಗ ಮರ ಒಂದು ದಿಕ್ಕಿಗೆ, ಮುಂದೆ ಹೋದಾಗ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಉಳಿ ಕೆತ್ತುವುದು ಒಂದೇ ದಿಕ್ಕಿನಲ್ಲಿ. ಅಂದರೆ ಅರ್ಧ ತಿರುಗಾಟ ದಂಡ! ಬಿಲ್ಲು ಹೋಯಿತಲ್ಲ ಎಂದು ಮರುಗುವವರಿದ್ದಾರೆ. ಅವರು ಅದನ್ನು ದಿನವಿಡೀ ಎಳೆದವರಲ್ಲ. ಮೋಟಾರು ಬಂದ ಮೇಲೆ ಮರ ಒಂದೇ ಕಡೆಗೆ ಬಿಡದೆ ತಿರುಗಿತು, ಉಳಿ ಹಿಡಿಯಲು ಎರಡೂ ಕೈ ಬಿಡುವಾದವು.

ಆದರೆ ಶಕ್ತಿಯ ಮೂಲ ಬದಲಾದರೆ ಮಿಕ್ಕದ್ದೂ ಬದಲಾಗಲೇಬೇಕು. ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ಸುತ್ತುತ್ತದೆ. ಮೋಟಾರಿನ ರಾಟೆ 3 ಅಂಗುಲ, ಲೇತಿನ ರಾಟೆ 6 ಅಂಗುಲ ಇದ್ದರೆ ಮರ 720 ಸುತ್ತು ತಿರುಗುತ್ತದೆ. ರಾಟೆಗಳು ಸಮನಾಗಿದ್ದರೆ ಪೂರಾ 1440. ಇಲ್ಲಿ ಬಣ್ಣ ಬಳಿಯುವುದು ಕುಂಚದಿಂದಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಅಂಟುತ್ತದೆ. ಅರಗು ಮೆತ್ತಗಾಗಲು 75-80 ಡಿಗ್ರಿ ಸೆಲ್ಸಿಯಸ್ ಸಾಕು. ಒತ್ತಡ ಅಷ್ಟೇ ಇದ್ದು ವೇಗ ಇಮ್ಮಡಿಯಾದರೆ ಪ್ರತಿ ಸೆಕೆಂಡಿನ ಶಾಖವೂ ಇಮ್ಮಡಿ. ಕೈ ಹಗುರ ಮಾಡದಿದ್ದರೆ ಬಣ್ಣ ಕಂದುತ್ತದೆ. ಮರವನ್ನು ಹೊರಕ್ಕೆಳೆಯುವ ಬಲವಂತೂ ನಾಲ್ಕು ಪಟ್ಟು. ಸರಿಯಾಗಿ ಒಣಗದೆ ಸೀಳಿದ ತುಂಡು ಸಿಡಿದರೆ ಕಣ್ಣಿಗೇ ಅಪಾಯ. ಬಿಲ್ಲಾದರೆ ಕೈ ನಿಂತೊಡನೆ ಮರವೂ ನಿಲ್ಲುತ್ತಿತ್ತು.

ಈ ಕಸುಬಿನ ಪಿತಾಮಹರೆಂದು ಊರು ನೆನೆಯುವ ಬಾವಾಸ್ ಮಿಯಾನ್ ಜಪಾನಿನ ಬೊಂಬೆ ತಂತ್ರವನ್ನು ಇಲ್ಲಿಗೆ ಒಗ್ಗಿಸಿದವರು. ಅದೇ ಜಪಾನಿನಲ್ಲಿ 1992ರಲ್ಲಿ ಬಂದ ಸುಬಾರು ಇಂಪ್ರೆಜಾ ಕಾರು ಇದೇ ಪಾಠವನ್ನು ಬೇರೆ ರೀತಿ ಹೇಳುತ್ತದೆ. ಒಂದೇ ಒಡಲಿನಲ್ಲಿ ಟರ್ಬೊ ಇರುವ, ಇಲ್ಲದ ಎರಡೂ ಬಗೆ ಬಂದದ್ದರಿಂದ, ಸಾದಾ ಕಾರಿಗೆ ಟರ್ಬೊ ಎಂಜಿನ್ ಕೂರಿಸುವ ಉತ್ಸಾಹಿಗಳು ಹಲವು ದೇಶಗಳಲ್ಲಿದ್ದಾರೆ. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದೇ ಟರ್ಬೊ. ಎಂಜಿನ್ ಕೂರುತ್ತದೆ, ಸರಿ. ಕ್ಲಚ್, ಗೇರ್‌ಪೆಟ್ಟಿಗೆ, ರೇಡಿಯೇಟರ್, ಬ್ರೇಕು? ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರಿನಲ್ಲಿ ಬಲ ಮಿತಿಮೀರಿದರೆ ಟೈರು ಜಾರಿ ಹೊಡೆತ ತಪ್ಪುತ್ತದೆ. ನಾಲ್ಕೂ ಚಕ್ರ ನೆಲವನ್ನು ಕಚ್ಚಿ ಹಿಡಿದಿದ್ದರೆ ಆ ಹೊಡೆತ ನೇರವಾಗಿ ಗೇರಿನ ಹಲ್ಲುಗಳಿಗೆ.

ಚನ್ನಪಟ್ಟಣದ ಲೇತಿನಲ್ಲಿ ಹಾಗೆ ಜಾರಿ ಕಾಪಾಡುವುದು ಬೆಲ್ಟು. ಉಳಿ ಮರಕ್ಕೆ ಕಚ್ಚಿಕೊಂಡರೆ ಬೆಲ್ಟು ರಾಟೆಯ ಮೇಲೆ ಜಾರುತ್ತದೆ, ಉಳಿಯೂ ಬೆರಳೂ ಬದುಕುತ್ತವೆ. ಜಾರುವುದೇ ದೋಷವೆಂದು ಅದನ್ನು ಅತಿಯಾಗಿ ಬಿಗಿಯುವುದು ಜಾಣತನವಲ್ಲ.

ಇನ್ನು ಕೊನೆಯ ಹೊಳಪು. ಅದಕ್ಕೆ ಇಂದಿಗೂ ತಾಳೆಗರಿಯ ತುಂಡೇ ಬೇಕು. ಎಷ್ಟು ಒತ್ತಬೇಕೆಂದು ಹೇಳುವ ಮೀಟರು ಯಾವ ಲೇತಿನಲ್ಲೂ ಇಲ್ಲ. ನೀಲಸಂದ್ರದಲ್ಲಿ ಸರ್ಕಾರ ಕಟ್ಟಿಸಿದ ಕರಕುಶಲ ಸಂಕೀರ್ಣವಿದೆ, ಊರೊಳಗೆ ಮನೆಮನೆಯ ಕಾರ್ಖಾನೆಗಳಿವೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಮೊದಲು ಕೇಳಿ ಒಳಗೆ ಹೋಗಬೇಕು. ದುಪಟ್ಟಾ, ಉದ್ದ ಜಡೆ, ಸಡಿಲ ತೋಳು ಬೆಲ್ಟಿನಿಂದ ದೂರವಿರಲಿ.