ಜೋಡಿ ಖಡ್ಗ ಮತ್ತು ಭೀಮಾ ತೀರ

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ಹೆಸರು ಕೇಳಿದರೆ ನಿಮಗೆ ತೊಗರಿ ನೆನಪಾಗಬಹುದು. ಎಣ್ಣೆಗಾಯಿಯ ಜೊತೆ ಕಟಕಲು ಜೋಳದ ರೊಟ್ಟಿ ನೆನಪಾಗಬಹುದು. ಮೇ ತಿಂಗಳ ಬಿಸಿಲಂತೂ ನೆನಪಾಗಿಯೇ ತೀರುತ್ತದೆ. ಜಪಾನ್ ಮಾತ್ರ ಯಾರಿಗೂ ನೆನಪಾಗದು. ಆದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಿ ಜಪಾನಿನ ಸಮುರಾಯ್ ಯೋಧರ ಜೋಡಿ ಖಡ್ಗಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಈ ಮೂರು ತಾಲೂಕುಗಳೇ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಕಲಬುರಗಿ ಸೀಮೆಯವರಿಗೆ ಹೈದರಾಬಾದ್ ದೂರದ ಊರಲ್ಲ. 1948ರ ಸೆಪ್ಟೆಂಬರ್ ತನಕ ಈ ತಾಲೂಕುಗಳೆಲ್ಲ ನಿಜಾಮರ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಮದುವೆಯ ಬಟ್ಟೆಗೆ, ದೊಡ್ಡ ಆಸ್ಪತ್ರೆಗೆ, ಮುತ್ತಿನ ಸರಕ್ಕೆ ಇಲ್ಲಿನ ಜನ ಬೆಂಗಳೂರಿಗಿಂತ ಮೊದಲು ಹೈದರಾಬಾದನ್ನೇ ನೆನೆಯುತ್ತಾರೆ. ಹಾಗೆ ಹೋದವರು ಮಕ್ಕಳ ಒತ್ತಾಯಕ್ಕೆ ಚಾರ್‌ಮಿನಾರ್ ನೋಡಿ, ಮೂಸಿ ನದಿಯ ದಡದ ಈ ಮ್ಯೂಸಿಯಮ್ಮಿಗೂ ಬರುತ್ತಾರೆ. ಬಂದವರೆಲ್ಲ ಮುಸುಕಿನ ರೆಬೆಕಾಳ ಶಿಲ್ಪ ನೋಡುತ್ತಾರೆ. ಗಂಟೆ ಬಾರಿಸುವ ಪುಟ್ಟ ಗೊಂಬೆಯಿರುವ ಗಡಿಯಾರದ ಮುಂದೆ ಕೂರುತ್ತಾರೆ. ಅಷ್ಟರಲ್ಲಿ ಕಾಲು ಸೋತಿರುತ್ತದೆ. ಪೂರ್ವ ದೇಶಗಳ ವಿಭಾಗದ ತನಕ ನಡೆಯುವವರು ಕಡಿಮೆ. ನೀವು ನಡೆಯಿರಿ.

ಈ ಸಂಗ್ರಹ ಮಾಡಿದವರು ಮೀರ್ ಯೂಸುಫ್ ಅಲಿ ಖಾನ್, ಮೂರನೇ ಸಾಲಾರ್ ಜಂಗ್ (1889–1949). ಕೆಲವು ವರ್ಷ ನಿಜಾಮರ ಪ್ರಧಾನಿಯಾಗಿದ್ದು, ಉಳಿದ ಬದುಕನ್ನೆಲ್ಲ ವಸ್ತುಗಳನ್ನು ಕೂಡಿಸುವುದರಲ್ಲೇ ಕಳೆದವರು. ಅವರು ತೀರಿದ ಎರಡು ವರ್ಷದ ಮೇಲೆ, 1951ರ ಡಿಸೆಂಬರಿನಲ್ಲಿ, ಪ್ರಧಾನಿ ನೆಹರೂ ಈ ಮ್ಯೂಸಿಯಮ್ಮನ್ನು ಉದ್ಘಾಟಿಸಿದರು. ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರುಗಳಾಗಿದ್ದವು. ಗಾಜಿನ ಪೆಟ್ಟಿಗೆಯೊಳಗಿನ ಈ ವೈಭವದಲ್ಲಿ ಕನ್ನಡದ ರೈತ ಕಟ್ಟಿದ ಕಂದಾಯದ ಪಾಲೂ ಇದೆ. ಹಾಗಾಗಿ ಪರರ ಮನೆಗೆ ಬಂದವರಂತೆ ಅಳುಕುತ್ತ ನೋಡಬೇಕಾಗಿಲ್ಲ.

ಈಗ ಖಡ್ಗಗಳ ವಿಷಯ. ಉದ್ದದ್ದರ ಹೆಸರು ಕತಾನಾ, ಅಲಗೇ ಸುಮಾರು ಎರಡು ಅಡಿ ಅಥವಾ ಅದಕ್ಕಿಂತ ಹೆಚ್ಚು. ಚಿಕ್ಕದು ವಾಕಿಝಾಶಿ, ಒಂದರಿಂದ ಎರಡು ಅಡಿಯೊಳಗೆ. ಎರಡೂ ಸೇರಿದರೆ ದಾಯ್‌ಶೋ, ಅಂದರೆ ದೊಡ್ಡದು-ಚಿಕ್ಕದು. 1603ರಿಂದ 1868ರ ತನಕ ಜಪಾನನ್ನು ಆಳಿದ ತೊಕುಗಾವಾ ಶೋಗನ್‌ಗಳ ಕಾಲದಲ್ಲಿ ಜೋಡಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಕ್ಕು ಸಮುರಾಯ್ ವರ್ಗಕ್ಕೆ ಮಾತ್ರ ಇತ್ತು. ವ್ಯಾಪಾರಿ ಎಷ್ಟೇ ಸಿರಿವಂತನಿರಲಿ, ಚಿಕ್ಕದೊಂದೇ. ಯಾರ ಮನೆಗಾದರೂ ಹೋದರೆ ಸಮುರಾಯ್ ಉದ್ದದ ಖಡ್ಗವನ್ನು ಬಾಗಿಲಲ್ಲೇ ಒಪ್ಪಿಸುತ್ತಿದ್ದ, ಚಿಕ್ಕದು ಅವನ ಬಳಿಯೇ ಉಳಿಯುತ್ತಿತ್ತು. ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಸಹಜವಾಗಿ ನಡೆಯುತ್ತಿದ್ದ ಮರ್ಯಾದೆ ಅದು.

ಅಲಗಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದರ ಒಡವೆ. ಹೌದು, ಒಡವೆ ಎಂದೇ ಅನ್ನಬೇಕು. ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ಒಂದು ಬಿಲ್ಲೆ, ಅದು ತ್ಸುಬಾ. ಹಿಡಿಯ ಬುಡಕ್ಕೆ ಒಂದು ಪಟ್ಟಿ, ತುದಿಗೆ ಒಂದು ಟೊಪ್ಪಿ. ಹಿಡಿಗೆ ಸುತ್ತಿರುವುದು ತೊರಕೆ ಮೀನಿನ ಚರ್ಮ. ಕರಾವಳಿಯ ಓದುಗರಿಗೆ ಈ ಮೀನಿನ ಪರಿಚಯ ಅಡುಗೆಮನೆಯಲ್ಲಿದೆ, ಅದರ ಚರ್ಮಕ್ಕೆ ಇಂಥ ಗೌರವ ಸಿಕ್ಕಿದ್ದು ಗೊತ್ತಿರಲಿಕ್ಕಿಲ್ಲ. ಅದರ ಮೇಲೆ ರೇಷ್ಮೆಯ ಲಾಡಿ. ಲಾಡಿಯ ಸುತ್ತಿನೊಳಗೆ ಅರ್ಧ ಅಡಗಿ ಕೂತ ಬೆರಳುಗಾತ್ರದ ಲೋಹದ ಬೊಂಬೆಗಳು: ಒಂದು ಸಿಂಹ, ಒಂದು ಮಿಡತೆ, ಒಂದು ಹೂವಿನ ಗೊಂಚಲು. ಗೋತೋ ಎಂಬ ಮನೆತನ ಹದಿನೈದನೇ ಶತಮಾನದಿಂದ ಹತ್ತೊಂಬತ್ತನೇ ಶತಮಾನದ ತನಕ, ಹದಿನೇಳು ತಲೆಮಾರು, ಇದೇ ಕೆಲಸ ಮಾಡಿತು.

ಅವರು ಮೆಚ್ಚಿ ಬಳಸಿದ ಲೋಹ ಶಾಕುದೋ. ತಾಮ್ರಕ್ಕೆ ನೂರರಲ್ಲಿ ನಾಲ್ಕೈದು ಪಾಲು ಚಿನ್ನ ಬೆರೆಸುತ್ತಾರೆ. ನೋಡಲು ತಾಮ್ರವೇ. ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದಾಗ ಅದು ಕಾಗೆಯ ರೆಕ್ಕೆಯಂತೆ ನೀಲಿಗಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚಿನ್ನ, ಬೆಳ್ಳಿ ಕೂರಿಸಿದರೆ ಹೊಳಪೇ ಬೇರೆ.

ಇಷ್ಟು ಓದುವಾಗ ನಿಮಗೆ ಬೀದರ್ ನೆನಪಾಗಿರಬೇಕು! ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಹಚ್ಚಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲಿಯ ಜಪಾನ್, ಎಲ್ಲಿಯ ಬೀದರ್! ಬಿದ್ರಿಯಲ್ಲಿ ಹುಕ್ಕಾ, ಪಾನ್‌ದಾನ್‌ಗಳ ಜೊತೆ ಖಡ್ಗದ ಹಿಡಿಗಳನ್ನೂ ಮಾಡಿದ್ದುಂಟು. ಆದರೆ ಸತು ಒಡೆಯುವ ಲೋಹ, ಅವು ದರ್ಬಾರಿಗೆ ಸರಿ, ಯುದ್ಧಕ್ಕಲ್ಲ.

ಈಗ ನಮ್ಮ ಮೂರು ಊರುಗಳಿಗೆ ಬನ್ನಿ. ಕಲಬುರಗಿಯಿಂದ ಜೇವರ್ಗಿಯ ದಾರಿ ಹಿಡಿದರೆ ಕಟ್ಟಿಸಂಗಾವಿಯ ಭೀಮಾ ಸೇತುವೆ ಬರುವ ಮೊದಲು ಫಿರೋಝಾಬಾದಿಗೆ ತಿರುಗಬಹುದು. 1397ರಿಂದ 1422ರ ತನಕ ಆಳಿದ ಬಹಮನಿ ಸುಲ್ತಾನ ಫಿರೋಝ್ ಶಾಹ್ ನದಿಯ ತಿರುವಿನಲ್ಲಿ ಕಟ್ಟಿಸಿದ ನಗರವಿದು. ದಪ್ಪ ಗೋಡೆಗಳು, ಎತ್ತರದ ಹೆಬ್ಬಾಗಿಲು, ವಿಶಾಲವಾದ ಜಾಮಿಯಾ ಮಸೀದಿಯ ಅವಶೇಷ ಇನ್ನೂ ಇವೆ. ಗೋಡೆಗಳ ಒಳಗೆ ಹೊಲಗಳಿವೆ. ಇಲ್ಲಿ ಓಡಾಡಿದ ಸೈನಿಕರ ಸೊಂಟದಲ್ಲಿದ್ದ ಉಕ್ಕಿಗೆ ಜಗತ್ತಿನಲ್ಲೇ ಹೆಸರಿತ್ತು. ದಖ್ಖನಿನ ಮೂಸೆಯಲ್ಲಿ ಕರಗಿಸಿದ ಉಕ್ಕಿನ ಗಟ್ಟಿಗಳನ್ನು ಪರ್ಶಿಯಾದ ವ್ಯಾಪಾರಿಗಳು ಒಯ್ಯುತ್ತಿದ್ದರು. ನೀರಿನ ಅಲೆಯಂತೆ ಗೆರೆ ಮೂಡುವ ಖಡ್ಗಗಳು ಅದರಿಂದಲೇ ಆಗುತ್ತಿದ್ದವು.

ಊರಿನ ಹೊರಗೆ ಗುಡಿಗಳ ಬದಿಯಲ್ಲಿ ನಿಂತ ವೀರಗಲ್ಲುಗಳಲ್ಲಿ ಖಡ್ಗವಿದೆ. ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತ ಕುಣಿಯುವ ಪುರವಂತರ ಕೈಯಲ್ಲಿದೆ. ದಸರೆಯ ಖಂಡೆ ಪೂಜೆಯಲ್ಲಿದೆ. ಮೊಹರಮ್ಮಿನಲ್ಲಿ ಜಾತಿಭೇದವಿಲ್ಲದೆ ಊರವರು ಎತ್ತುವ ಪಂಜಾಗಳ ನಡುವೆ ಹಝ್ರತ್ ಅಲಿಯವರ ಇಬ್ಬಾಯ ಖಡ್ಗ ಝುಲ್ಫಿಕಾರ್‌ನ ಆಕಾರವೂ ಕಾಣಸಿಗುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಬರುವವರಲ್ಲೂ, ಅಫಜಲಪುರ ತಾಲೂಕಿನಲ್ಲಿ ಅಮರ್ಜಾ ನದಿ ಭೀಮೆಯನ್ನು ಸೇರುವ ಗಾಣಗಾಪುರಕ್ಕೆ ಬರುವವರಲ್ಲೂ ಇಂಥ ಹಳೆಯ ಮನೆತನಗಳವರು ಇರುತ್ತಾರೆ. ವಾಡೆಯ ಅಟ್ಟದಲ್ಲಿ, ಗೋಣಿಯಲ್ಲಿ ಸುತ್ತಿದ ಒಂದು ತಲವಾರ್ ಇದ್ದೀತು ಅನ್ನುವ ಮನೆಗಳು.

ಆದರೆ ಅಂಥವು ಈಗ ವಿರಳ. ಅದಕ್ಕೆ ಒಂದು ಕಾರಣ 1948. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬಂದ ಸೈನ್ಯಾಡಳಿತದ ಕಾಲದಲ್ಲಿ ಜನರಿಂದ ಆಯುಧಗಳನ್ನು ಪಡೆಯಲಾಯಿತು. ಆ ದಿನಗಳ ಹಿಂಸೆಯಿಂದ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದೆಂದು ಪಂಡಿತ ಸುಂದರ್‌ಲಾಲ್ ಸಮಿತಿ ವರದಿ ಮಾಡಿತ್ತು. ಅಂಥ ಹೊತ್ತಿನಲ್ಲಿ ಅಜ್ಜನ ಖಡ್ಗವನ್ನು ಕಲೆಯೆಂದು ಕಾಪಾಡಿಕೊಳ್ಳಿ ಎಂದು ಯಾರು ಯಾರಿಗೆ ಹೇಳಬೇಕು? ಜೀವ ಉಳಿದರೆ ಸಾಕಿತ್ತು.

ಜಪಾನಿನಲ್ಲೂ ಇದೇ ನಡೆಯಿತು, ಎರಡು ಸಲ. 1876ರಲ್ಲಿ ಸರಕಾರವೇ ಖಡ್ಗ ಧರಿಸುವುದನ್ನು ನಿಷೇಧಿಸಿತು. ಖಡ್ಗದ ಒಡವೆ ಮಾಡುತ್ತಿದ್ದ ಅಕ್ಕಸಾಲಿಗರು ಹೂದಾನಿ, ಪೆಟ್ಟಿಗೆಗಳನ್ನು ಮಾಡಿ ಯೂರೋಪಿಗೆ ಮಾರಿ ಬದುಕಿದರು. ದಂತದ ಒರೆಯ ಆಡಂಬರದ ಖಡ್ಗಗಳು ಬಂದದ್ದೂ ಆ ಪರದೇಶಿ ಗಿರಾಕಿಗಳಿಗಾಗಿಯೇ, ನಿಜವಾದ ಸಮುರಾಯ್ ಅಂಥದ್ದನ್ನು ಕಟ್ಟಿಕೊಂಡವನಲ್ಲ. ಎರಡನೆಯ ಸಲ 1945ರಲ್ಲಿ, ಸೋತ ದೇಶದ ಖಡ್ಗಗಳನ್ನೆಲ್ಲ ಅಮೆರಿಕನ್ ಸೈನ್ಯ ವಶಕ್ಕೆ ತೆಗೆದುಕೊಂಡಾಗ. ಆಗ ಹೊಮ್ಮಾ ಜುಂಜಿ ಎಂಬ ವಿದ್ವಾಂಸರು ಸೈನ್ಯದ ಅಧಿಕಾರಿಗಳ ಮುಂದೆ ಕೂತು, ಇದು ಆಯುಧ ಮಾತ್ರವಲ್ಲ, ಕಲೆಯೂ ಹೌದು ಎಂದು ಒಪ್ಪಿಸಿದರು. ಕಲಾಮೌಲ್ಯವುಳ್ಳವು ಉಳಿದುಕೊಂಡವು. ಅವುಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. ಅದು ಹುಟ್ಟಿದ ವರ್ಷವೂ 1948.

ನಿಮ್ಮ ಮನೆಯಲ್ಲಿ ಹಳೆಯ ತಲವಾರ್ ಇದ್ದರೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಡಿ. ಹಿಡಿಯ ಮೇಲಿನ ಚಿನ್ನ-ಬೆಳ್ಳಿಯ ಕೋಫ್ತಗಾರಿ ಕೂದಲಿನಷ್ಟು ತೆಳುವಾಗಿರುತ್ತದೆ, ಒಂದೇ ಹಬ್ಬದ ತೊಳೆತಕ್ಕೆ ಹೋಗಿಬಿಡುತ್ತದೆ. ಬಿಸಿಗೂ ಹಿಡಿಯಬೇಡಿ. ನಮ್ಮ ತಲವಾರಿನ ಹಿಡಿಗೆ ಅಲಗನ್ನು ಕೂರಿಸುವುದು ಅರಗಿನಿಂದ, ಕಾದರೆ ಕಳಚುತ್ತದೆ. ಜಪಾನಿನವರದ್ದು ಒಂದೇ ಒಂದು ಬಿದಿರಿನ ಮೊಳೆ. ಅದನ್ನು ತೆಗೆದರೆ ಎಲ್ಲ ಬಿಡಿಬಿಡಿ. ಒಂದೇ ಅಲಗಿಗೆ ಎರಡು ಮೂರು ಉಡುಗೆಗಳನ್ನು ಇಟ್ಟುಕೊಳ್ಳುತ್ತಿದ್ದರು. ಹಿಡಿಯೊಳಗೆ ಅಡಗುವ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರಿರುತ್ತದೆ. ಅಲ್ಲಿನ ತುಕ್ಕನ್ನು ಅವರು ಎಂದೂ ಉಜ್ಜುವುದಿಲ್ಲ, ವಯಸ್ಸು ತಿಳಿಯುವುದು ಆ ತುಕ್ಕಿನಿಂದಲೇ.

ಗುಜರಿಯವರು ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಹಳೆಯ ವಸ್ತುಗಳ ದಲ್ಲಾಳಿ ಸ್ವಲ್ಪ ಹೆಚ್ಚು ಹೇಳುತ್ತಾನೆ. ಇಬ್ಬರಿಗೂ ಕೊಡುವ ಮುನ್ನ ಒಂದು ವಿಷಯ ತಿಳಿದಿರಲಿ. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ. ವ್ಯಾಪಾರಕ್ಕೂ ಪರವಾನಿಗೆ ಬೇಕು. ಕಲಬುರಗಿಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಮೊದಲು ಫೋಟೋ ತೋರಿಸಿ ಕೇಳಿ. ಖಡ್ಗವನ್ನೇ ಬಸ್ಸಿನಲ್ಲಿ ಹಿಡಿದುಕೊಂಡು ಹೋಗಬೇಡಿ, ಅದು ಬೇರೆಯೇ ಕಾಯ್ದೆ!

ಹೈದರಾಬಾದಿಗೆ ಹೊರಟರೆ ಶುಕ್ರವಾರ ಬಿಟ್ಟು ಹೊರಡಿ. ಅಂದು ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ರಜೆ. ಗಡಿಯಾರದ ಮುಂದೆ ಮಕ್ಕಳನ್ನು ಕೂರಿಸುವ ಮೊದಲೇ ಪೂರ್ವದ ಕಟ್ಟಡಕ್ಕೆ ಹೋಗಿ, ಆಮೇಲೆ ಅವರು ಅಲ್ಲಿಂದ ಏಳುವುದಿಲ್ಲ.