ಬೇವಿನ ಹೂವೂ ಮಸೂರದ ಕಣ್ಣೂ

ವಸಂತವೆಂದೊಡನೆ ಕಾವ್ಯರಸಿಕರ ಮನಸ್ಸಿನಲ್ಲಿ ಮೂಡುವವು ಮಾವಿನ ಚಿಗುರು, ಕೋಗಿಲೆಯ ದನಿ, ಬಿರಿಯುವ ಮಲ್ಲಿಗೆ. ಕವಿಸಮಯವು ಕೆಲವು ಹೂಗಳಿಗೆ ಅಗ್ರಪೀಠವನ್ನಿತ್ತು ಉಳಿದವನ್ನು ಹೊಲದ ಬದುವಿನಲ್ಲಿಯೇ ಬಿಟ್ಟಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗೆ ವಸಂತವು ಬರುವ ಬಗೆಯಾದರೋ ಬೇರೆಯೇ ಆಗಿದೆ. ಹಿಂಗಾರಿ ಜೋಳದ ರಾಶಿ ಮುಗಿದು, ಎರೆಭೂಮಿ ಬಿರುಕುಬಿಟ್ಟು, ಕಾಗಿಣೆಯ ನೀರು ತಗ್ಗಿ, ಅಂಗಳದ ಶಹಾಬಾದ ಹಾಸುಗಲ್ಲು ಮುಂಜಾನೆಯೇ ಕಾಯತೊಡಗಿದಾಗ ಆಡಕಿಯ ಸುತ್ತಣ ಊರುಗಳಲ್ಲಿ ಬೇವು ಹೂವಾಗುತ್ತದೆ. ಅದರ ಬರವನ್ನು ಮೊದಲು ಸಾರುವುದು ಬಣ್ಣವಲ್ಲ, ಜೇನಿನಂಥ ಕಂಪು. ಕಂಪು ಬಂದ ಕಡೆಗೆ ತಲೆಯೆತ್ತಿದವನಿಗೆ ಎಲೆಗಳ ನಡುವೆ ಬೆಳ್ಳನೆಯ ಹುಡಿ ಚೆಲ್ಲಿದಂತೆ ಕಂಡೀತೇ ಹೊರತು, ಒಂದು ಹೂವೂ ಬಿಡಿಯಾಗಿ ಕಾಣದು.

ವಿಚಿತ್ರವೆಂದರೆ, ಕನ್ನಡಿಗರು ಈ ಹೂವನ್ನು ಅರಿಯದವರಲ್ಲ. ಚೈತ್ರ ಶುದ್ಧ ಪ್ರತಿಪದೆಯಂದು ಬೆಲ್ಲದೊಡನೆ ಅದನ್ನು ಸೇವಿಸಿಯೇ ಹೊಸ ವರ್ಷವನ್ನು ಬರಮಾಡಿಕೊಳ್ಳುತ್ತಾರೆ. ಆದರೆ ನಾಲಗೆ ಬಲ್ಲ ಹೂವನ್ನು ಕಣ್ಣು ಬಲ್ಲುದಿಲ್ಲ. ಬೇವು ಕಹಿಯಿಂದ ಹೆಸರಾಯಿತು. ನೆಗ್ಗಿಲು ಮುಳ್ಳಿನಿಂದ ಹೆಸರಾಯಿತು. ಎಕ್ಕವು ಪಾಳುನೆಲದ ಗಿಡವೆಂದು ಹೆಸರಾಯಿತು. ಒಂದು ವಸ್ತುವಿಗೆ ಹೆಸರು ಬಂದೊಡನೆ ಅದನ್ನು ನೋಡುವ ಕೆಲಸ ಮುಗಿಯಿತೆಂದು ಲೋಕವು ತಿಳಿಯುತ್ತದೆ. ಈ ಮರೆವೆಯನ್ನು ಕಳೆಯಬಲ್ಲ ಸಾಧನಗಳಲ್ಲಿ ಸಮೀಪ ಛಾಯಾಗ್ರಹಣವೂ ಒಂದು.

ಮಸೂರವನ್ನು ಹತ್ತಿರಕ್ಕೆ ಒಯ್ದಾಗ ಹುಡಿಯಂತೆ ತೋರಿದ್ದು ಹೂವಾಗುತ್ತದೆ. ಒಂದು ಸೆಂಟಿಮೀಟರಿನಷ್ಟೇ ಅಗಲದ ಬೇವಿನ ಹೂವಿಗೆ ಐದು ಬಿಳಿಯ ಎಸಳುಗಳು. ನಡುವೆ ಕೇಸರಗಳ ದಂಟುಗಳೆಲ್ಲ ಕೂಡಿ ಆದ ಒಂದು ಕೊಳವೆ. ಆ ಕೊಳವೆಯ ಬಾಯಿಯ ಸುತ್ತ ಹತ್ತು ಪರಾಗಕೋಶಗಳು. ಬದುವಿನ ಎಕ್ಕದ ಹೂವಿನೊಳಗೆ ಮೇಣದಲ್ಲಿ ಕಡೆದಂಥ ಐದು ಮಡಿಕೆಗಳ ಕಿರೀಟವಿದೆ. ತೇವವಿರುವೆಡೆ ನೆಲಕ್ಕಂಟಿ ಹರಡಿದ ನೆಗ್ಗಿಲಿನಲ್ಲಿ, ನಾಳೆ ಮುಳ್ಳುಗಾಯಾಗುವ ತಾಣದಲ್ಲಿಯೇ, ಇಂದು ಐದೆಸಳಿನ ಹೊಂಬಣ್ಣದ ಹೂವಿದೆ. ಇವುಗಳಲ್ಲಿ ಯಾವುದೂ ಅಪೂರ್ವ ಸಸ್ಯವಲ್ಲ. ಅಪೂರ್ವವಾದುದು ನೋಟ ಮಾತ್ರ.

ಈ ನೋಟವು ಸುಲಭಸಾಧ್ಯವಲ್ಲ. ಹೂವಿನ ಗಾತ್ರವೆಷ್ಟೋ ಅಷ್ಟೇ ಗಾತ್ರದ ಬಿಂಬವನ್ನು ಕ್ಯಾಮರಾದೊಳಗೆ ಪಡೆಯಬೇಕಾದರೆ, 50 ಮಿಲಿಮೀಟರಿನ ಮಸೂರವನ್ನು ಇನ್ನೂ 50 ಮಿಲಿಮೀಟರಿನಷ್ಟು ಮುಂದಕ್ಕೆ ಸರಿಸಬೇಕು. ಅದಕ್ಕಾಗಿ ನಡುವೆ ಟೊಳ್ಳು ಕೊಳವೆಯನ್ನು ಜೋಡಿಸುವುದುಂಟು. ಆಗ ಸಾಮಾನ್ಯಕ್ಕಿಂತ ನಾಲ್ಕರಷ್ಟು ಬೆಳಕು ಬೇಕಾಗುತ್ತದೆ. ರಂಧ್ರವನ್ನು 8ರ ಅಂಕಿಗೆ ಕಿರಿದುಗೊಳಿಸಿದರೂ ಸ್ಫುಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರು. ಎಸಳಿನ ಅಂಚು ಸ್ಪಷ್ಟವಾದರೆ ಕೇಸರವು ಮಸುಕು. ಕೇಸರವು ಸ್ಪಷ್ಟವಾದರೆ ಎಸಳು ಮಂಜು. ಇನ್ನು ಗಾಳಿ: ಬರಿಗಣ್ಣಿಗೆ ತೋರದ ಅಲುಗಾಟವೂ ಇಲ್ಲಿ ಹೂವನ್ನು ಚೌಕಟ್ಟಿನಿಂದಲೇ ಆಚೆ ನೂಕುತ್ತದೆ. ಆದ್ದರಿಂದ ಬಲ್ಲವರು ಬಿಸಿಗಾಳಿ ಏಳುವ ಮುನ್ನ, ಎಳೆಬಿಸಿಲಿನಲ್ಲಿಯೇ ಈ ಕೆಲಸಕ್ಕೆ ತೊಡಗುತ್ತಾರೆ. ನೆರಳಾದ ಮಗ್ಗುಲಿಗೆ ಒಂದು ಬಿಳಿಯ ಕಾಗದವನ್ನು ಹಿಡಿದು ಬೆಳಕನ್ನು ಮರಳಿಸುತ್ತಾರೆ. ಉಸಿರು ತಡೆದು ಕಾಯುತ್ತಾರೆ. ಇಂದು ಕೈಯೊಳಗಿನ ಮೊಬೈಲು ಕೂಡ ಚಿಕ್ಕ ಮಸೂರವೊಂದನ್ನು ತೊಡಿಸಿದರೆ ಇಂಥ ಚಿತ್ರವನ್ನು ತೆಗೆಯಬಲ್ಲುದು. ಉಪಕರಣ ಅಗ್ಗವಾದೀತು; ತಾಳ್ಮೆ ಅಗ್ಗವಾಗದು. ನೆಗ್ಗಿಲಿನ ಮುಂದೆ ಮೊಣಕಾಲೂರದವನಿಗೆ ನೆಗ್ಗಿಲಿನ ಹೂವು ದೊರೆಯದು.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ವಭಾವೋಕ್ತಿ. ವಸ್ತುವು ಇದ್ದ ಬಗೆಯನ್ನು ಇದ್ದಂತೆಯೇ ಕಣ್ಣಿಗೆ ಕಟ್ಟುವಂತೆ ಹೇಳುವ ಈ ಅಲಂಕಾರವನ್ನು ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಮೊದಲನೆಯದಾಗಿ ಎಣಿಸಿದನು. ಆ ಗ್ರಂಥದ ಜಾಡನ್ನು ಬಹುಮಟ್ಟಿಗೆ ಅನುಸರಿಸಿದ ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡಿತು. ಅವನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲೂಕಿನ ಇಂದಿನ ಮಳಖೇಡ. ಹೂವನ್ನು ಚಂದ್ರನಿಗೂ ಮೊಗಕ್ಕೂ ಹೋಲಿಸುವುದು ಸುಲಭ. ಹೂವನ್ನು ಹೂವೆಂದೇ ಹೇಳುವುದು ಕಷ್ಟ. ಸಾಧಾರಣ ಕವಿಯ ಕೈಯಲ್ಲಿ ಬರಿಯ ವರದಿಯಾಗಿಬಿಡುವ ಈ ಅಲಂಕಾರವು, ನೋಡಬಲ್ಲವನ ಕೈಯಲ್ಲಿ ಮಾತ್ರ ಅಲಂಕಾರವೆನಿಸುತ್ತದೆ. ಛಾಯಾಚಿತ್ರಕ್ಕೂ ಇದೇ ನಿಯಮ.

ಇಂಥ ನೋಟವು ಪಾಠಶಾಲೆಯ ಅಗತ್ಯದಿಂದಲೇ ಹುಟ್ಟಿದ ನಿದರ್ಶನವೂ ಉಂಟು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಬರ್ಲಿನ್ನಿನ ಕಲಾಶಾಲೆಯೊಂದರಲ್ಲಿ ಮೂರು ದಶಕಗಳ ಕಾಲ ಬೋಧಿಸಿದವನು. ಮೊಗ್ಗು, ಕುಡಿ, ಬೀಜಕೋಶಗಳ ರಚನೆಯನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಅವುಗಳನ್ನು ಹಲವು ಪಟ್ಟು ಹಿಗ್ಗಿಸಿ ಚಿತ್ರಿಸುತ್ತ ಹೋದನು. ಅವನ ಚಿತ್ರಗಳು ಗ್ರಂಥರೂಪದಲ್ಲಿ ಹೊರಬಂದುದು 1928ರಲ್ಲಿ, ಅವನಿಗೆ ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವು ಮುಖ್ಯವಾಗಿ ಪಾಠದ ಸಾಮಗ್ರಿಯಾಗಿದ್ದವು. ದಾರಿಯ ಬದಿಯ ಕಳೆಗಿಡಗಳೇ ಅವನಿಗೆ ಸಾಕಾಗಿದ್ದವು.

ಆದರೆ ಈ ಭಾಗದಲ್ಲಿ ಇದು ಕೇವಲ ಸೌಂದರ್ಯದ ಮಾತಾಗಿ ಉಳಿದಿಲ್ಲ. ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು 1997ರಲ್ಲಿ ಹೊಸ ಪ್ರಭೇದವೆಂದು ಹೆಸರಿಸಿದರು. ಅದು ಬೇವಿನ ಕೊಂಬೆಗಳನ್ನು ತುದಿಯಿಂದ ಒಣಗಿಸುತ್ತದೆ. ಹೂಗೊಂಚಲನ್ನೂ ಕಾಯನ್ನೂ ಕೆಡಿಸುತ್ತದೆ. ಸೇಡಂ, ಚಿಂಚೋಳಿಗಳಿಗೆ ಗಡಿಯಾಗಿರುವ ತೆಲಂಗಾಣದಲ್ಲಿ 2021ರಲ್ಲಿ ಬೇವಿನ ಮರಗಳು ಹೀಗೆ ವ್ಯಾಪಕವಾಗಿ ಒಣಗಿದ್ದು ಜನರನ್ನು ಗಾಬರಿಗೊಳಿಸಿತು. ಯಾವ ರೋಗವೂ ತಗಲದೆಂದು ನಂಬಿದ್ದ, ಪರರ ರೋಗವನ್ನು ಕಳೆಯುವುದೆಂದು ಹೆಸರಾಗಿದ್ದ ಮರವೇ ರೋಗಿಯಾಯಿತು. ಕೊಂಬೆಗಳೆಲ್ಲ ಕಂದಾದ ಮೇಲೆ ಎಲ್ಲರಿಗೂ ಕಾಣುತ್ತದೆ. ಗೊಂಚಲು ಕೆಡತೊಡಗಿದ್ದು ಕಾಣುವುದು ಹತ್ತಿರದಿಂದ ನೋಡಿದವನಿಗೆ ಮಾತ್ರ. ಒಂದೇ ಮರದ ಒಂದೇ ಕೊಂಬೆಯ ಗೊಂಚಲನ್ನು ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ, ತಿಥಿವಾರಗಳನ್ನು ನಮೂದಿಸಿ ಚಿತ್ರಿಸಿಟ್ಟರೆ, ಹತ್ತು ವರ್ಷಗಳಲ್ಲಿ ಅದು ಆ ಮರದ ಜಾತಕವೇ ಆಗುತ್ತದೆ. ಹೂವು ಯಾವಾಗ ಬಂದಿತು, ಎಷ್ಟು ಬಂದಿತು, ಕಾಯಿ ಕಟ್ಟಿತೇ ಎಂಬುದಕ್ಕೆ ಅದಕ್ಕಿಂತ ನಿರ್ವಂಚನೆಯ ಸಾಕ್ಷಿ ಬೇರಿಲ್ಲ.

ಇದಕ್ಕೆ ದೊಡ್ಡ ದತ್ತಿಯಾಗಲಿ ಪ್ರಯೋಗಾಲಯವಾಗಲಿ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಬೇವು, ಒಂದು ಮಸೂರ, ಒಂದು ದಾಖಲೆಯ ಪುಸ್ತಕ, ಚಿತ್ರದ ಕೆಳಗೆ ಗಿಡದ ಕನ್ನಡದ ಹೆಸರನ್ನು ತಪ್ಪಿಲ್ಲದೆ ಬರೆಯಬಲ್ಲ ಬಾಲಕ ಬಾಲಕಿಯರು ಇದ್ದರೆ ಸಾಕು. ಹೂವನ್ನು ಕೊಯ್ದು ಲಿಂಗಕ್ಕೆ ಅರ್ಪಿಸುವುದನ್ನು ಮಕ್ಕಳಿಗೆ ಹಿರಿಯರು ಕಲಿಸಿದ್ದಾರೆ. ಕೊಯ್ಯದೆ, ಗಿಡದಲ್ಲಿಯೇ ಇರಗೊಟ್ಟು, ಬಾಗಿ ನೋಡುವುದನ್ನೂ ಗುರುಗಳು ಕಲಿಸಿದರೆ ಅದು ಪೂಜೆಗೆ ಕೊರತೆಯಲ್ಲ, ಪೂಜೆಯ ವಿಸ್ತರಣೆ. ಶರಣರು ಕಾಯಕದಲ್ಲಿ ಕಿರಿದು ಹಿರಿದೆಂದು ಎಣಿಸಲಿಲ್ಲ. ಹೂವಿನಲ್ಲಿಯೂ ಎಣಿಸಬೇಕಾಗಿಲ್ಲ. ಬರುವ ಚೈತ್ರದಲ್ಲಿ ಬೇವನ್ನು ಬಾಯಿಗಿಡುವ ಮೊದಲು ಅದನ್ನೊಮ್ಮೆ ಕಣ್ಣಿಗಿಟ್ಟುಕೊಳ್ಳುವ ಪೀಳಿಗೆಯೊಂದು ಈ ನೆಲದಲ್ಲಿ ಬೆಳೆಯಲಿ.